ಜಪಾನಿ ಅಜ್ಜನ ಕೆಂಪು ಮುದ್ರೆ

ಗುಫೂಲ್

ಬಹ್ರೇನಿಗೆ ಬಂದ ಮೂರನೆಯ ದಿನವೇ ನಾನು ಒಂದು ಪಂಚೆ ತುಂಬ ಸಂಡಿಗೆ ಕಳೆದುಕೊಂಡೆ. ಊರು ಬಿಡುವಾಗ ತಂಗಿ, "ಅಕ್ಕಾ, ಪಾಸ್‌ಪೋರ್ಟ್ ಜ್ವಾಕಿ, ಬಂಗಾರ ಜ್ವಾಕಿ" ಎಂದು ಹತ್ತು ಸಲ ಹೇಳಿದ್ದಳು. ಸಂಡಿಗೆಯ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ.

ತಂಗಿಯ ಮಗಳು ವೀಣಾ ಮನಾಮಾ ಪಟ್ಟಣದ ಗುಫೂಲ್‌ನಲ್ಲಿ ಆರನೆಯ ಮಹಡಿಯಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಹೊರಟುಬಿಡುತ್ತಾರೆ. ನಾನು ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು, ಸುಮ್ಮನೆ ಕೂತು ಅಭ್ಯಾಸವಿಲ್ಲ. ಅಷ್ಟೊಂದು ಬಿಸಿಲು ಪುಕ್ಕಟೆ ಸುರಿಯುತ್ತಿರುವಾಗ ಏನನ್ನೂ ಒಣಹಾಕದೆ ಇರುವುದು ಪಾಪ ಅನ್ನಿಸಿತು. ಸಾಬೂದಾಣಿ ಸಂಡಿಗೆ ಮಾಡಿ ಬಾಲ್ಕನಿಯಲ್ಲಿ ಪಂಚೆ ಹಾಸಿ ಇಟ್ಟೆ. ಮಧ್ಯಾಹ್ನ ಇಲ್ಲಿನವರು ಶಮಾಲ್ ಎನ್ನುವ ಗಾಳಿ ಎದ್ದಿತು. ನಾನು ಹೊರಗೆ ಓಡಿ ಬರುವಷ್ಟರಲ್ಲಿ ಪಂಚೆ ಸಂಡಿಗೆ ಸಮೇತ ಕೆಳಗಿನ ಬಾಲ್ಕನಿಗೆ ಇಳಿದುಹೋಗಿತ್ತು.

ಸಂಜೆ ಕರೆಗಂಟೆ ಸದ್ದಾಯಿತು. ಬಿಳಿ ಮೀಸೆಯ ಎತ್ತರದ ಗಂಡಸೊಬ್ಬರು ನನ್ನ ಪಂಚೆಯನ್ನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಇದು ನಿಮ್ಮದಾ? ನಮ್ಮ ಬಾಲ್ಕನಿಗೆ ಬಂದು ಬಿದ್ದದ್ದು. ಎಂತ ಅಂತ ಗೊತ್ತಾಗ್ಲಿಲ್ಲ, ನಾಲ್ಕು ತಿಂದು ನೋಡಿದೆ. ಉಪ್ಪು ಸ್ವಲ್ಪ ಜಾಸ್ತಿ ಉಂಟು ಮಾರಾಯ್ರೆ."

"ಒಣಗಿದ ಮೇಲೆ ಕರಿದು ತಿನ್ನೋದ್ರೀ ಅದು," ಎಂದೆ. "ಹಸೀದು ತಿಂದು ಉಪ್ಪು ಹೆಚ್ಚಾತು ಅಂದ್ರ ನಾ ಏನು ಮಾಡ್ಲಿ?"

ಅವರು ಹೊಟ್ಟೆ ತುಂಬ ನಕ್ಕರು. ಹೆಸರು ವಿಲ್ಫ್ರೆಡ್, ಉಡುಪಿ ಕಡೆಯವರು. ಬಹ್ರೇನಿಗೆ ಬಂದು ಮೂವತ್ತು ವರ್ಷಗಳ ಮೇಲಾಗಿದೆ, ಸಲ್ಮಾಬಾದಿನಲ್ಲಿ ಮರಗೆಲಸದ ವರ್ಕ್‌ಶಾಪ್ ಇದೆ. ಒಳಗೆ ಕರೆದು ಚಹಾ ಕೊಟ್ಟೆ. ಗೋಡೆಯ ಮೇಲೆ ವೀಣಾಳ ಮಗಳು ಬರೆದಿದ್ದ ಆನೆಯ ಚಿತ್ರವಿತ್ತು. ಅದರ ಕಾಲುಗಳನ್ನು ನಾನು ಕೆಂಪು ಪೆನ್ಸಿಲಿನಿಂದ ತಿದ್ದಿದ್ದನ್ನು ಅವರು ನೋಡಿದರು. ನಾನು ಡ್ರಾಯಿಂಗ್ ಟೀಚರ್ ಎಂದು ಗೊತ್ತಾದದ್ದೇ ತಡ, ಕಪ್ಪು ಕೆಳಗಿಟ್ಟರು.

"ಹಾಗಾದ್ರೆ ನಾಳೆ ನೀವು ಬರ್ಲೇಬೇಕು ಟೀಚರ್. ನನ್ನ ವರ್ಕ್‌ಶಾಪಲ್ಲಿ ಒಬ್ರು ಜಪಾನಿ ಅಜ್ಜ ಇದ್ದಾರೆ. ಅವ್ರ ಚಿತ್ರಕ್ಕೆ ಚೌಕಟ್ಟು ಮಾಡುದು ನಾನು, ಹಿಂದಿನ ಕೋಣೆ ಕೊಟ್ಟಿದ್ದೇನೆ. ಹೊಟ್ಟೆ ಅಡಿ ಹಾಕಿ ಮಲಗಿ ಚಿತ್ರ ಬಿಡಿಸ್ತಾರೆ. ಅವ್ರಿಗೊಂದು ದೊಡ್ಡ ಕಷ್ಟ ಬಂದುಂಟು. ನನ್ಗೆ ಮರ ಕೊಯ್ಲಿಕ್ಕೆ ಗೊತ್ತು, ಚಿತ್ರದ್ದು ಎಂತ ಗೊತ್ತುಂಟು?"

ಆಫೀಸಿನಿಂದ ಬಂದಿದ್ದ ವೀಣಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ದೊಡ್ಡಮ್ಮ, ಮಾಲ್, ಫೋರ್ಟು, ಗೋಲ್ಡ್ ಸೂಕ್ ಬಜಾರು ಎಲ್ಲಾ ಪ್ಲ್ಯಾನ್ ಮಾಡಿದೀನಿ. ನೀವು ಫ್ಲೈಟ್ ಹತ್ತಿ ಬಂದು ಸಲ್ಮಾಬಾದ್ ಗ್ಯಾರೇಜ್ ನೋಡ್ತೀರಾ?"

ನೋಡುತ್ತೇನೆ ಎಂದೆ. ಹಟ ನಮ್ಮ ಮನೆತನದಲ್ಲೇ ಇದೆ, ಅದು ಅವಳಿಗೂ ಗೊತ್ತು.

ಸಲ್ಮಾಬಾದ್

ದಾರಿಯಲ್ಲಿ ವಿಲ್ಫ್ರೆಡ್ ಒಂದು ಚಹಾದಂಗಡಿಯ ಮುಂದೆ ಪಿಕಪ್ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದರು. ಒಳಗಿನಿಂದ ಒಬ್ಬ ಓಡಿ ಬಂದು ಕಿಟಕಿಯಲ್ಲೇ ಚಹಾ ಕೊಟ್ಟು ಹೋದ. ನಮ್ಮ ಕಡೆ ಹೋಟೆಲಿನ ಮುಂದೆ ಹೀಗೆ ಹಾರ್ನ್ ಹೊಡೆದರೆ ಗಲ್ಲೆಯ ಮೇಲಿದ್ದವನು ಎದ್ದು ಬಂದು ಜಗಳ ತೆಗೆಯುತ್ತಾನೆ. ಇಲ್ಲಿ ಅದೇ ಪದ್ಧತಿ. ಏಲಕ್ಕಿ ಹಾಕಿ ಕುದಿಸಿದ ಆ ಚಹಾವನ್ನು ಕುಡಿದ ಮೇಲೆ ಈ ದೇಶದ ಬಗ್ಗೆ ನನಗೆ ಗೌರವ ಬಂದಿತು.

ಸಲ್ಮಾಬಾದ್ ಎಂದರೆ ಸಾಲು ಸಾಲು ಗೋದಾಮು, ವೆಲ್ಡಿಂಗ್ ಶೆಡ್ಡು, ಟೈರ್ ಅಂಗಡಿ. ವಿಲ್ಫ್ರೆಡ್ ಮರದ ಹೊಟ್ಟಿನ ನಡುವೆ ನನ್ನನ್ನು ದಾಟಿಸಿ ಹಿಂದಿನ ಕೋಣೆಯ ಬಾಗಿಲು ತೆಗೆದರು. ಅಲ್ಲಿ ನೆಲದಿಂದ ಮೊಳದಷ್ಟು ಎತ್ತರದಲ್ಲಿ ಒಂದು ಹಲಗೆ, ಅದರ ಮೇಲೆ ಬೋರಲಾಗಿ ಬಿದ್ದ ಸಣಕಲು ಮುದುಕ, ಕೆಳಗೆ ಜೋತುಬಿದ್ದ ಒಂದು ಕೈ. ಮಿಸುಕಾಟವಿಲ್ಲ.

"ಅಯ್ಯೋ ವಿಲ್ಫ್ರೆಡ್, ಹೋಗೇಬಿಟ್ರಲ್ರೀ!" ಎಂದು ಕಿರುಚಿದೆ.

ಹೋಗಿದ್ದವರು ತಲೆ ಎತ್ತಿ, ಬಾಯಲ್ಲಿದ್ದ ಕುಂಚ ತೆಗೆದು, ಹಲಗೆಯ ಮೇಲೆಯೇ ಮಂಡಿಯೂರಿ ಎದ್ದು ನನಗೆ ತಲೆಬಾಗಿ ನಮಸ್ಕಾರ ಮಾಡಿದರು. ನಾನೂ ಗಡಿಬಿಡಿಯಲ್ಲಿ ಬಾಗಿದೆ. ಅವರು ಇನ್ನೂ ಬಾಗಿದರು, ನಾನೂ ಇನ್ನೂ ಬಾಗಿದೆ. ವಿಲ್ಫ್ರೆಡ್ ನಡುವೆ ಬಂದು ನಿಲ್ಲಿಸದಿದ್ದರೆ ನನ್ನ ಸೊಂಟ ಅವತ್ತೇ ಹೋಗುತ್ತಿತ್ತು.

ಅವರ ಹೆಸರು ಕುವಾನೊ, ವಯಸ್ಸು ಎಂಬತ್ತರ ಹತ್ತಿರ. ಹಳೆಯ ಕಾಲದ ಘಟನೆಗಳನ್ನು ಚಿತ್ರಿಸುವುದೇ ಅವರ ಜೀವಮಾನದ ಕೆಲಸ. ಹಲಗೆಯ ಕೆಳಗೆ, ಎರಡು ಬಾಗಿಲು ಜೋಡಿಸಿದಷ್ಟು ದೊಡ್ಡ ಚಿತ್ರ ನೆಲದ ಮೇಲೆ ಮಲಗಿತ್ತು. ಅವರ ಸಂಪ್ರದಾಯದಲ್ಲಿ ಬಣ್ಣ ಹರಿಯಬಾರದೆಂದು ಚಿತ್ರವನ್ನು ಮಲಗಿಸಿಯೇ ಬರೆಯುತ್ತಾರೆ. ಬಣ್ಣವೆಂದರೆ ಕಲ್ಲಿನ ಪುಡಿ ಮತ್ತು ಚರ್ಮದ ಅಂಟು. ಬಿಳಿ ಬಣ್ಣ ಮಾತ್ರ ಸಮುದ್ರದ ಚಿಪ್ಪನ್ನು ಅರೆದು ಮಾಡಿದ್ದು. ಈ ಚಿತ್ರಕ್ಕೆ ಬಹ್ರೇನಿನ ಚಿಪ್ಪನ್ನೇ ಅರೆದೆ ಎಂದು ಒಂದು ಬಟ್ಟಲು ಎತ್ತಿ ತೋರಿಸಿದರು. ನಾನು ಮೂವತ್ತೊಂದು ವರ್ಷ ಟ್ಯೂಬು ಹಿಂಡಿದವಳು. ಆ ಬಿಳಿಯನ್ನು ನೋಡಿ ಹೊಟ್ಟೆ ಉರಿಯಿತು.

ಅವರ ಇಂಗ್ಲಿಷಿನಲ್ಲಿ ಹೆಚ್ಚಾಗಿ ಹೆಸರುಗಳು ಮಾತ್ರ ಇದ್ದವು, ನನ್ನದು ಕನ್ನಡ ಮೀಡಿಯಂ ಇಂಗ್ಲಿಷು. ಆದ್ದರಿಂದ ನಮ್ಮ ಮಾತು ಸಲೀಸಾಗಿ ನಡೆಯಿತು. ಹತ್ತೊಂಬತ್ತನೆಯ ವಯಸ್ಸಿಗೆ ಒಬ್ಬ ಗುರುಗಳ ಮನೆ ಸೇರಿ, ನಾಲ್ಕು ವರ್ಷ ಬರೀ ಬಣ್ಣ ಅರೆದು ಬಟ್ಟೆಯ ನೆರಿಗೆ ಬರೆದರಂತೆ. ಆಮೇಲೆ ಯುದ್ಧದ ಚಿತ್ರಗಳಲ್ಲಿ ಹೆಸರು ಮಾಡಿದರು. ಒಂದು ದೊಡ್ಡ ಚಿತ್ರ ಮುಗಿದು, ಸಹಿಯ ಬದಲು ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಿ, ಯಾವುದೋ ಊರಿನ ಸಭಾಂಗಣದ ಗೋಡೆ ಏರಿದ ಮೇಲೆ, ಕುದುರೆ ಸಾಕಿದ್ದ ಮುದುಕನೊಬ್ಬ ಬಂದು, ಜೀನಿನ ಪಟ್ಟಿಯನ್ನು ಹೀಗೆ ಕಟ್ಟಿದರೆ ಸವಾರ ಬೀಳುತ್ತಾನೆ ಎಂದನಂತೆ.

"ಚಿತ್ರ ಈಗಲೂ ಅಲ್ಲೇ ಇದೆ," ಎಂದರು ಕುವಾನೊ. "ಆ ಸವಾರ ದಿನಾ ಬೀಳುತ್ತಿದ್ದಾನೆ. ಸತ್ತವರು ಬಂದು ನನ್ನನ್ನು ಬೈಯುವುದಿಲ್ಲ. ಅದಕ್ಕೇ ನಾನು ಹುಷಾರಾಗಿರಬೇಕು."

ಅಂದಿನಿಂದ ಒಂದು ನೇಮ ಇಟ್ಟುಕೊಂಡಿದ್ದಾರೆ. ಚಿತ್ರದೊಳಗಿನ ಬದುಕನ್ನು ಬಲ್ಲವರೊಬ್ಬರು ನೋಡಿ ಸರಿ ಎನ್ನುವ ತನಕ ಮುದ್ರೆ ಒತ್ತುವುದಿಲ್ಲ. ಮುದ್ರೆ ಇಲ್ಲದ ಚಿತ್ರವನ್ನು ಯಾವ ಗೋಡೆಗೂ ಏರಿಸುವುದಿಲ್ಲ.

ಈ ಚಿತ್ರ ಬಹ್ರೇನಿನ ಮುತ್ತಿನ ವ್ಯಾಪಾರದ್ದು. ಹಡಗಿನ ಯಜಮಾನನೊಬ್ಬ, ಮುಂಬಯಿಯಿಂದ ಬಂದ ಮುತ್ತಿನ ವರ್ತಕನೊಬ್ಬ ಚಾಪೆಯ ಮೇಲೆ ಎದುರುಬದುರು ಕೂತಿದ್ದಾರೆ. ಇಬ್ಬರ ಕೈಗಳೂ ಒಂದು ಕೆಂಪು ಬಟ್ಟೆಯ ಕೆಳಗಿವೆ. ಪಕ್ಕದಲ್ಲಿ ಕೂತ ಪುಟ್ಟ ಹುಡುಗನೊಬ್ಬ ಆ ಬಟ್ಟೆಯನ್ನೇ ನೋಡುತ್ತಿದ್ದಾನೆ. ಆ ಹುಡುಗನಿಗೆ ಈಗ ತೊಂಬತ್ತು ಸಮೀಪಿಸಿದೆ, ಹೆಸರು ಬೂ ಜಾಸಿಮ್. ಹಡಗಿನ ಯಜಮಾನ ಅವರ ತಂದೆ, ಚಿತ್ರದಲ್ಲಿರುವುದು ಆ ತಂದೆಯ ಕೊನೆಯ ವ್ಯಾಪಾರ. ಅಲ್ಲಿಗೆ ಅವರ ಹಡಗಿನ ಕೆಲಸ ನಿಂತುಹೋಯಿತು. ಜಪಾನಿನಲ್ಲಿ ಚಿಪ್ಪಿನೊಳಗೆ ಮಣಿ ಕೂರಿಸಿ ಮುತ್ತು ಬೆಳೆಸುವ ವಿದ್ಯೆ ಹಬ್ಬಿದ ಮೇಲೆ, ಸಮುದ್ರದ ತಳಕ್ಕೆ ಮುಳುಗಿ ತಂದ ಮುತ್ತನ್ನು ಕೇಳುವವರೇ ಇಲ್ಲವಾಗಿದ್ದರು.

"ನನ್ನ ಅಜ್ಜ," ಎಂದು ಕುವಾನೊ ತಮ್ಮ ಎದೆ ಮುಟ್ಟಿಕೊಂಡರು. "ಮಣಿ ಕೂರಿಸುವ ಕೆಲಸ. ನಲವತ್ತು ವರ್ಷ."

ಆ ಅಜ್ಜನ ಋಣ ತೀರಿಸಲೆಂದೇ ಅವರು ಈ ಚಿತ್ರವನ್ನು ಕೈಗೆತ್ತಿಕೊಂಡಿದ್ದಾರೆ ಎಂದು ಆಗ ತಿಳಿಯಿತು. ಬೂ ಜಾಸಿಮ್ ಎರಡು ಸಲ ಬಂದು ನೋಡಿದ್ದರು. ಹಡಗು ಸರಿ, ಚಾಪೆ ಸರಿ, ಅಪ್ಪನ ಗಡ್ಡವೂ ಸರಿ. ಕೈಗಳ ಹತ್ತಿರ ಬಂದಾಗ ಮಾತ್ರ "ಲಾ", ಅಲ್ಲ, ಎಂದು ತಲೆ ಅಲ್ಲಾಡಿಸಿದ್ದರು. ಏನು ತಪ್ಪು ಎಂದು ಅವರಿಗೂ ಹೇಳಲು ಬರುತ್ತಿರಲಿಲ್ಲ. ಅವರು ನೋಡಿದ್ದು ಬಟ್ಟೆಯನ್ನು ಮಾತ್ರ, ಅದರ ಕೆಳಗಿನದ್ದನ್ನಲ್ಲ. ಗುರುವಾರ ಚಿತ್ರ ಮುಹರ್ರಕ್‌ನ ಹಳೆಯ ಮನೆಯೊಂದರ ಗೋಡೆ ಏರಬೇಕು. ಮುದ್ರೆ ಬೀಳದಿದ್ದರೆ ಮುಚ್ಚಿಕೊಂಡು ಜಪಾನಿಗೆ ವಾಪಸು. ಅವತ್ತು ಭಾನುವಾರ.

ನಾನು ಬಗ್ಗಿ ಆ ಕೈಗಳನ್ನು ನೋಡಿದೆ. ನೋಡಿ ಜೋರಾಗಿ ನಕ್ಕುಬಿಟ್ಟೆ. ಅಂಥ ಹೊತ್ತಿನಲ್ಲಿ ನಗಬಾರದಿತ್ತು, ಆದರೆ ತಡೆಯಲಾಗಲಿಲ್ಲ.

"ಟೀಚರ್, ಎಂತ ಇದು?" ಎಂದು ವಿಲ್ಫ್ರೆಡ್ ಕಣ್ಣು ಬಿಟ್ಟರು.

"ಅಲ್ರೀ, ಇದು ವ್ಯಾಪಾರ ಅಲ್ಲ. ಮಂತ್ರಿಗಳು ಫೋಟೋಕ್ಕ ಕೈ ಕುಲುಕ್ತಾರಲ್ಲ, ಅದು!"

ನನ್ನ ಅಪ್ಪ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಎತ್ತಿನ ಬೆಲೆಯನ್ನು ಬಾಯಲ್ಲಿ ಯಾರೂ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳಬೇಕು. ಇಷ್ಟು ಬೆರಳಿಗೆ ಇಷ್ಟು, ಗೆಣ್ಣು ಒತ್ತಿದರೆ ಇನ್ನರ್ಧ, ಅಂಗೈ ಕೆರೆದರೆ ಬೇಡ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ಅಪ್ಪ ಮನೆಯಲ್ಲಿ ನನ್ನ ಜೊತೆ ಬೆಲ್ಲದ ಚೂರಿಗೆ ಹೀಗೇ ಚೌಕಾಸಿ ಮಾಡುತ್ತಿದ್ದ. ಆಗ ತೋಳು ಸಡಿಲವಾಗಿ, ಮೊಣಕೈ ತೊಡೆಯ ಮೇಲೆ ಕೂತಿರುತ್ತದೆ. ಮುಖ್ಯ ಸಂಗತಿ ಎಂದರೆ, ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ನೋಡಿದರೆ ಕಣ್ಣು ಬೆಲೆ ಹೇಳಿಬಿಡುತ್ತದೆ. ಅಪ್ಪ ಮಳೆ ಬರುತ್ತದೇನೋ ಎನ್ನುವವನಂತೆ ಮುಗಿಲು ನೋಡುತ್ತಿದ್ದ. ಕುವಾನೊ ಚಿತ್ರದಲ್ಲಿ ಇಬ್ಬರೂ ತೋಳು ಸೆಟೆದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದರು.

ಕುವಾನೊ ನನ್ನನ್ನೂ ವಿಲ್ಫ್ರೆಡ್ಡರನ್ನೂ ಅಲ್ಲೇ ಚಾಪೆಯ ಮೇಲೆ ಕೂರಿಸಿ, ಕೈಗಳ ಮೇಲೆ ವರ್ಕ್‌ಶಾಪಿನ ಟವೆಲ್ ಹಾಕಿದರು. ಆಮೇಲೆ ಕೆನ್ನೆಯನ್ನು ನೆಲಕ್ಕೆ ಒತ್ತಿ ಟವೆಲ್ಲಿನ ಕೆಳಗೆ ಇಣುಕಿ ಬರೆಯತೊಡಗಿದರು. ಬಟ್ಟೆ ಮುಚ್ಚಿದರೂ ಬೆರಳು ಏನು ಮಾಡುತ್ತದೆ ಎಂಬುದು ತೋಳಿನಲ್ಲಿ ಕಾಣಬೇಕಂತೆ. ನಾವು ಬಂಗುಡೆ ಮೀನಿಗೆ ಚೌಕಾಸಿ ಮಾಡಿದೆವು. ಹುಟ್ಟಿದಾಗಿನಿಂದ ಮೀನು ಮುಟ್ಟದ ನಾನು ಅವರಿಂದ ಒಂದು ಬುಟ್ಟಿ ಬಂಗುಡೆಯನ್ನು ಬಹಳ ಅಗ್ಗಕ್ಕೆ ಹೊಡೆದೆ. "ಬೆರಳು ಮುರೀತೀರಿ ಟೀಚರ್, ತಗೊಳ್ಳಿ ಮಾರಾಯ್ರೆ, ಫ್ರೀ ತಗೊಳ್ಳಿ!" ಎಂದು ವಿಲ್ಫ್ರೆಡ್ ಕೂಗಿಕೊಂಡರು.

ಬಳಿಕ ಕುವಾನೊ ಬೆಚ್ಚಗಿನ ನೀರಿನಲ್ಲಿ ಕುಂಚ ಅದ್ದಿ, ತಿಂಗಳುಗಟ್ಟಲೆ ಬರೆದಿದ್ದ ಎರಡು ಮುಖಗಳನ್ನೂ ತೋಳುಗಳನ್ನೂ ತೊಳೆದು ತೆಗೆದರು. ನನ್ನ ನಗು ನಿಂತುಹೋಯಿತು.

ಅವಾಲಿ

ಮರಳುವಾಗ ವಿಲ್ಫ್ರೆಡ್ ಮೆಲ್ಲಗೆ ಕೇಳಿದರು. "ಟೀಚರ್, ಬೇಜಾರು ಮಾಡ್ಬೇಡಿ. ನಿಮ್ಮಪ್ಪ ಮಾರಿದ್ದು ದನ. ಇವ್ರದ್ದು ಮುತ್ತು. ಎರಡೂ ಒಂದೇ ಅಂತ ನಿಮ್ಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ತಿದ್ದುವುದು ನನ್ನ ಹಳೆಯ ರೋಗ. ಒಮ್ಮೆ ಹುಡುಗಿಯೊಬ್ಬಳು ಹಗಲಿನ ಆಕಾಶದಲ್ಲಿ ಚಂದ್ರನನ್ನು ಬರೆದಿದ್ದಕ್ಕೆ ಕೆಂಪು ಗೀಟು ಎಳೆದಿದ್ದೆ. ಮೈದಾನಕ್ಕೆ ಬಂದು ತಲೆ ಎತ್ತಿದರೆ ಹಾಡುಹಗಲೇ ಚಂದ್ರ ಕೂತಿದ್ದ. ಅವಳ ಹಾಳೆಯ ಮೇಲಿನ ನನ್ನ ಗೀಟನ್ನು ರಬ್ಬರಿನಿಂದ ಅಳಿಸಿದ್ದೆ. ಈಗ ಒಬ್ಬ ಮುದುಕರ ಕೈಯಿಂದ ಎರಡು ಮುಖ ಅಳಿಸಿಹಾಕಿಸಿ ಬಂದಿದ್ದೆ. ಮಾರನೆಯ ದಿನ ಊಟ ಸೇರಲಿಲ್ಲ. ಮಂಗಳವಾರ ವಿಲ್ಫ್ರೆಡ್‌ಗೆ ಫೋನ್ ಮಾಡಿ, ನನ್ನನ್ನು ಬೂ ಜಾಸಿಮ್ ಹತ್ತಿರ ಕರೆದುಕೊಂಡು ಹೋಗಿ ಎಂದೆ.

ಅವರು ಅವಾಲಿಯಲ್ಲಿ ಮಗಳ ಮನೆಯಲ್ಲಿದ್ದರು. ತೈಲ ಕಂಪನಿ ತನ್ನ ನೌಕರರಿಗೆಂದು ಕಟ್ಟಿಸಿದ ಊರು ಅದು. ತಗ್ಗು ಮನೆಗಳು, ಮನೆ ಮುಂದೊಂದು ಹುಲ್ಲಿನ ತುಂಡು, ಪ್ರತಿ ಬಾಗಿಲಿಗೂ ಕಾರು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿಗೆ ಸುಣ್ಣ ಬಳಿದು ಮರಳಿನ ನಡುವೆ ಇಟ್ಟ ಹಾಗಿತ್ತು. ಬಿಳಿ ಅಂಗಿ, ತಲೆಗೆ ಬಿಳಿ ವಸ್ತ್ರದ ಬೂ ಜಾಸಿಮ್ ದಿಂಬಿಗೆ ಒರಗಿ ಕೂತಿದ್ದರು. ಅವರ ಕಾಲದ ಎಷ್ಟೋ ಜನರಿಗೆ ಬಜಾರಿನ ಹಿಂದಿ ಬರುತ್ತದೆ. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

ಕಾಫಿ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಒಂದೇ ಗುಟುಕು. ಮುಗಿಸಿ ಹಿಡಿದೆ, ಮಗಳು ಮತ್ತೆ ತುಂಬಿದಳು. ಬಿಡುವುದು ಮರ್ಯಾದೆಯಲ್ಲ ಎಂದು ಕುಡಿದೆ. ಮತ್ತೆ ತುಂಬಿದಳು. ಏಳನೆಯ ಬಟ್ಟಲಿಗೆ ನನ್ನ ಎದೆ ಡವಗುಟ್ಟತೊಡಗಿದಾಗ ವಿಲ್ಫ್ರೆಡ್ ಪಿಸುಗುಟ್ಟಿದರು. "ಬಟ್ಟಲು ಅಲ್ಲಾಡಿಸಿ ಟೀಚರ್! ಸಾಕು ಅಂತ ಹೇಳ್ಲಿಕ್ಕೆ ಇಲ್ಲಿ ಬಟ್ಟಲು ಅಲ್ಲಾಡಿಸ್ಬೇಕು!"

ಮುದುಕರು ಕೆಮ್ಮು ಬರುವಷ್ಟು ನಕ್ಕರು. ಆ ನಗೆಯಲ್ಲಿ ನನಗೂ ಧೈರ್ಯ ಬಂತು. ಅಪ್ಪನ ಕಥೆ ಹೇಳಿದೆ. ವಿಲ್ಫ್ರೆಡ್ಡರ ಕೈ ಮೇಲೆ ಟವೆಲ್ ಹಾಕಿ ಬೆರಳಿನ ಲೆಕ್ಕ ತೋರಿಸಿದೆ. ನಿಮ್ಮಲ್ಲೂ ಹೀಗೇ ಇತ್ತೇ ಎಂದು ಕೇಳಿದೆ.

"ನನಗೆ ಗೊತ್ತಿಲ್ಲಮ್ಮ," ಎಂದರು. "ನಾನು ಚಿಕ್ಕವನು. ಬಟ್ಟೆ ಅಲುಗಾಡುವುದನ್ನು ನೋಡಿದ್ದೆ, ಅಷ್ಟೇ. ಜಪಾನಿಯ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಮನುಷ್ಯ. ನಮ್ಮ ಹಡಗು ನಿಂತ ಮೇಲೆ ನಾನು ಇದೇ ಕಂಪನಿಯಲ್ಲಿ ಲಾರಿ ಓಡಿಸಿ ಮಕ್ಕಳನ್ನು ಸಾಕಿದೆ. ಆದರೆ ಅಪ್ಪ ಹೇಗಿದ್ದನೋ ಹಾಗೆ ಇರಬೇಕು. ನೋಡಿದ ಮೇಲೆ ಹೇಳುತ್ತೇನೆ."

ಅಲ್ಲಿಗೆ ನನ್ನ ಪ್ರಯಾಣ ದಂಡವಾಯಿತು ಅಂದುಕೊಂಡೆ. ಏಳುವ ಮೊದಲು, ಸುಮ್ಮನೆ ಮಾತು ಮುಂದುವರಿಸಲೆಂದು, ಅಪ್ಪನ ಇನ್ನೊಂದು ಸಂಗತಿ ಹೇಳಿದೆ. ಪರಿಚಯದ ರೈತನೊಬ್ಬನ ಹಸು ಸತ್ತಿತ್ತು. ಅಪ್ಪ ಅವನನ್ನು ಸಂತೆಗೆ ಕರೆಸಿ, ಎಲ್ಲರೆದುರು ಅವನ ಮಾನ ಹೋಗಬಾರದೆಂದು, ತನ್ನದೊಂದು ಹಸುವನ್ನು ಮಾರುವವನ ಹಾಗೆ ಟವೆಲ್ ಹಾಕಿ ಕೂತ. ಟವೆಲ್ಲಿನ ಕೆಳಗೆ ಅವನ ಐದೂ ಬೆರಳನ್ನು ಮಡಚಿ, ಮುಷ್ಟಿ ಮಾಡಿ, ಅವನ ಕಡೆಗೇ ಹಿಂದಕ್ಕೆ ನೂಕಿದ. ಏನೂ ಬೇಡ, ಹೊಡಕೊಂಡು ಹೋಗು ಎಂದು ಅದರ ಅರ್ಥ. ಆತ ತಲೆ ಎತ್ತಿಯೇ ಹಸು ಹೊಡೆದುಕೊಂಡು ಹೋದ. ಅಪ್ಪ ಸತ್ತ ಮೇಲೆ ಅವನೇ ಬಂದು ನಮಗೆ ಹೇಳಿದ್ದು.

ವಿಲ್ಫ್ರೆಡ್ಡರ ಮುಷ್ಟಿ ಮುಚ್ಚಿ ತೋರಿಸಿದೆ. ಬೂ ಜಾಸಿಮ್ ಖರ್ಜೂರದ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಮುಹರ್ರಕ್

ಗುರುವಾರ ಬೆಳಿಗ್ಗೆ ವೀಣಾ ರಜೆ ಹಾಕಿ ನನ್ನ ಜೊತೆ ಬಂದಳು. "ನೀವು ಏನು ಮಾಡಿಟ್ಟಿದೀರೋ ನಾನೂ ನೋಡ್ಬೇಕು ದೊಡ್ಡಮ್ಮ" ಎಂದಳು. ಮುಹರ್ರಕ್‌ನ ಓಣಿಗಳು ನಮ್ಮ ಹಳೇಪೇಟೆಯ ಓಣಿಗಳಷ್ಟೇ ಕಿರಿದು. ಆದರೆ ಎಷ್ಟು ಚೊಕ್ಕಟ ಎಂದರೆ ಚಪ್ಪಲಿ ಬಿಟ್ಟು ನಡೆಯೋಣ ಅನ್ನಿಸುತ್ತದೆ. ಹಿಂದೆ ಮುತ್ತಿನ ವ್ಯಾಪಾರಿಯೊಬ್ಬರದಾಗಿದ್ದ ಮನೆಯಲ್ಲಿ, ವಿಲ್ಫ್ರೆಡ್ ತಾವೇ ಮಾಡಿದ ಚೌಕಟ್ಟಿನೊಳಗೆ ಚಿತ್ರವನ್ನು ಗೋಡೆಗೆ ಒರಗಿಸಿ ಬಟ್ಟೆ ಇಳಿಬಿಟ್ಟಿದ್ದರು. ಕುವಾನೊ ಮಂಡಿಯೂರಿ ಕೂತಿದ್ದರು. ನಾಲ್ಕು ದಿನ ಸರಿಯಾಗಿ ನಿದ್ದೆ ಮಾಡಿದ ಮುಖವಲ್ಲ. ಪಕ್ಕದಲ್ಲಿ ಮುದ್ರೆಯ ಪುಟ್ಟ ಪೆಟ್ಟಿಗೆ, ಮುಚ್ಚಿಯೇ ಇತ್ತು.

ಬೂ ಜಾಸಿಮ್ ಮಗಳ ಜೊತೆ ಕೋಲೂರಿಕೊಂಡು ಬಂದರು. ವಿಲ್ಫ್ರೆಡ್ ಬಟ್ಟೆ ಎಳೆದರು.

ಮುಂಬಯಿಯ ವರ್ತಕ ಚಾಪೆಯ ಅಂಚು ನೋಡುತ್ತಿದ್ದ. ಹಡಗಿನ ಯಜಮಾನನ ಮೊಣಕೈ ತೊಡೆಯ ಮೇಲೆ ಹಗುರಾಗಿ ಕೂತಿತ್ತು. ಅವನ ಮುಖ ಈಗ ಬಾಗಿಲಾಚೆಯ ಸಮುದ್ರದ ಕಡೆ ತಿರುಗಿತ್ತು. ಕೆಂಪು ಬಟ್ಟೆಯಲ್ಲಿ ಒಂದು ಸಣ್ಣ ಏರು, ಒಂದು ಸಣ್ಣ ತಗ್ಗು. ಕೆಳಗೆ ಗೆಣ್ಣು ಒತ್ತುತ್ತಿದೆ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಅಪ್ಪನ ತೋಳು ಅದು. ಅರಬ್ಬಿ ಅಂಗಿ ತೊಟ್ಟು, ಪರದೇಶದ ಗೋಡೆಯ ಮೇಲೆ ಕೂತಿತ್ತು. ನನಗೆ ಕಣ್ಣೀರು ಬಂದುಬಿಟ್ಟಿತು. ಆದರೆ ತೀರ್ಪು ಕೊಡುವವಳು ನಾನಲ್ಲವಲ್ಲ.

ಬೂ ಜಾಸಿಮ್ ಹತ್ತಿರ ಹೋಗಿ ಕೆಂಪು ಬಟ್ಟೆಯಿಂದ ಅಪ್ಪನ ಮುಖದ ತನಕ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು. "ಅವತ್ತು ಅಪ್ಪ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಸಮುದ್ರ ನೋಡಿದ. ನನ್ನ ಮೇಲೆ ಸಿಟ್ಟು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಅವನು ಚೌಕಾಸಿ ಮಾಡುತ್ತಿದ್ದ!" ಅಷ್ಟು ಹೇಳಿ ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಝೈನ್," ಎಂದರು ಕುವಾನೊಗೆ, ಚೆನ್ನಾಗಿದೆ ಎಂದು. "ಝೈನ್, ಝೈನ್."

ವೀಣಾ ನನ್ನ ಕೈ ಹಿಡಿದುಕೊಂಡಳು. ವಿಲ್ಫ್ರೆಡ್ ಶಿಲುಬೆಯ ಗುರುತು ಮಾಡಿಕೊಂಡರು.

ಬೂ ಜಾಸಿಮ್ ಅಲ್ಲಿಗೆ ಬಿಡಲಿಲ್ಲ. ಕಷ್ಟಪಟ್ಟು ಅಲ್ಲಿ ಹಾಸಿದ್ದ ಚಾಪೆಯ ಮೇಲೆ ಕೂತರು. ತಲೆಯ ಮೇಲಿನ ಬಿಳಿ ವಸ್ತ್ರ ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿ, ಬಾ ಎಂದು ಕುವಾನೊ ಅವರನ್ನು ಕರೆದರು. ಜಪಾನಿ ಅಜ್ಜ ಮಂಡಿಯಲ್ಲೇ ಸರಿದು ಹೋಗಿ ವಸ್ತ್ರದ ಕೆಳಗೆ ಕೈಯಿಟ್ಟರು. ಬೂ ಜಾಸಿಮ್ ಛಾವಣಿಯ ತೊಲೆ ನೋಡುತ್ತಿದ್ದರು. ಕುವಾನೊ ಈಗ ಪಾಠ ಕಲಿತಿದ್ದರು, ಅವರು ಕಿಟಕಿ ನೋಡಿದರು. ಬಟ್ಟೆ ಸ್ವಲ್ಪ ಅಲುಗಿತು. ಆಮೇಲೆ ಕುವಾನೊ ಅವರ ಕಡೆಗೆ ಒಂದಿಷ್ಟು ಸರಿದು ನಿಂತಿತು.

ಕುವಾನೊ ಎದ್ದು ಮುದ್ರೆಯ ಪೆಟ್ಟಿಗೆ ತೆಗೆದುಕೊಂಡು ಚಿತ್ರದ ಹತ್ತಿರ ಬಂದರು. ನಾನು ಅಲ್ಲೇ ನಿಂತಿದ್ದೆ. ಬಟ್ಟೆಯ ಕೆಳಗಿನ ಗುಟ್ಟನ್ನು ಹೊರಹಾಕುತ್ತಿರುವವರ ಹಾಗೆ ಹಿಂದೆ ಮುಂದೆ ನೋಡಿ, ನನಗೆ ಮಾತ್ರ ಕಾಣುವಂತೆ, ತಮ್ಮ ಬಲಗೈಯ ಐದೂ ಬೆರಳನ್ನು ಎಡಗೈಯಿಂದ ಮಡಚಿ, ಎದೆಯ ಕಡೆಗೆ ನೂಕಿಕೊಂಡರು.

"ಟೀಚರ್," ಎಂದು ಪಿಸುಗುಟ್ಟಿದರು. "ಇದು ಎಷ್ಟು?"

ನನ್ನ ಕನ್ನಡ ಮೀಡಿಯಂ ಇಂಗ್ಲಿಷಿನಲ್ಲಿ ಸಿಕ್ಕಿದ ಮಾತಿನಲ್ಲಿ ಹೇಳಿದೆ. "ಏನೂ ಇಲ್ಲ. ನೀವು ಏನೂ ಕೊಡಬೇಕಾಗಿಲ್ಲ. ನಿಮ್ಮ ಅಜ್ಜನೂ ಕೊಡಬೇಕಾಗಿಲ್ಲ. ತಗೊಂಡು ಹೋಗಿ ಅಂತ."

ಅವರು ನನ್ನ ಮುಖ ನೋಡಿದರು. ಆಮೇಲೆ ಅಲ್ಲೇ, ಚಾಪೆಯ ಮೇಲೆ ಕೂತು ಮಗಳಿಂದ ಕಾಫಿ ತರಿಸಿಕೊಳ್ಳುತ್ತಿದ್ದ ಬೂ ಜಾಸಿಮ್ ಕಡೆಗೆ, ನೆಲಕ್ಕೆ ಹಣೆ ತಾಗುವಂತೆ ಬಾಗಿದರು. ಎದ್ದು, ಪೆಟ್ಟಿಗೆ ತೆರೆದು, ಮುದ್ರೆಯನ್ನು ಕೆಂಪಿನಲ್ಲಿ ಅದ್ದಿ, ಚಿತ್ರದ ಮೂಲೆಯಲ್ಲಿ ಒತ್ತಿದರು. ಅರವತ್ತು ವರ್ಷ ಒಂದು ಗೆರೆ ತಪ್ಪದ ಕೈಯಿಂದ ಮುದ್ರೆ ಓರೆಯಾಗಿ ಬಿತ್ತು.

ಅವರು ನನ್ನ ಕಡೆ ನೋಡಿ, ತಪ್ಪಾಯಿತೇ ಎಂಬಂತೆ ಹುಬ್ಬೇರಿಸಿದರು. ನಾನು ನೇರವಾಗಿದೆ ಎಂದೆ.